ಮಡ್‌ಗಾರ್ಡಿನ ಹಿಡಿ

೧೮ ಜನವರಿ, ಭಾನುವಾರ

ಆ ಹಿಡಿಯನ್ನು ತೋರಿಸಿದ್ದು ನಾನೇ.

ಕಾಕಾನ ಜೊತೆ ಕಮಲಾಪುರಕ್ಕೆ ಹಳೆಯ ಟ್ರ್ಯಾಕ್ಟರ್ ನೋಡಲು ಹೋಗಿದ್ದೆ. ನನಗಿಂತ ಎರಡು ಪಟ್ಟು ವಯಸ್ಸಿನ ಗಾಡಿ. ಕಾಕಾ ಆಯಿಲ್ ಕಡ್ಡಿ ಎಳೆದು ಮೂಸಿದ, ಹೊಗೆಯ ಬಣ್ಣ ನೋಡಿದ. ಎಲ್ಲ ಸರಿಯಿತ್ತು. ಎಡ ಮಡ್‌ಗಾರ್ಡಿಗೆ ಯಾರೋ ಒಂದು ಕಬ್ಬಿಣದ ಹಿಡಿ ಬೆಸೆದಿದ್ದರು. ಅದನ್ನು ಕಾಕಾನ ಕಿವಿಯಲ್ಲಿ ಹೇಳಿದೆ.

"ವೆಲ್ಡಿಂಗ್ ಆಗ್ಯದ ಅಂದ್ರ ಗಾಡಿ ಎಲ್ಲೋ ಬಿದ್ದದ, ಅಕ್ಕಾರ. ಹತ್ತು ಸಾವಿರ ಕಡಿಮಿ ಮಾಡ್ರಿ," ಎಂದ ಕಾಕಾ.

ಮಾರುವ ಸೂಗಮ್ಮ ನನ್ನನ್ನೇ ನೋಡಿದರು. "ಬಿದ್ದಿಲ್ರಿ. ನಮ್ಮ ಮಲ್ಲಿಕಾ ಅಪ್ಪನ ಬಾಜೂಕ ಕೂಡ್ತೀನಿ ಅಂತ ಹಟ ಮಾಡ್ತಿದ್ಲು. ಹಿಡ್ಕೊಳ್ಳಾಕ ಅಂತ ಅವರು ಹಾಕಿಸಿದ್ರು. ಆರು ವರ್ಷದಾಕಿ, ಜ್ವರದಾಗ ಹೋದ್ಲು. ಹತ್ತು ಬಿಟ್ಟೀನಿ, ಒಯ್ರಿ."

ಅವರ ಗಂಡ ಒಳಗಿಂದ ಹೊರಗೆ ಬರಲೇ ಇಲ್ಲ.

ಗಾಡಿ ಈಗ ಶರಣಸಿರಸಗಿಯ ನಮ್ಮ ಅಂಗಳದಲ್ಲಿದೆ. ಊಟಕ್ಕೆ ಕೂತಾಗ ಕಾಕಾ ನಕ್ಕ. "ನಿನ್ನ ಎಂ.ಎ. ದಂಡ ಆಗಿಲ್ಲ ನೋಡವ್ವ, ಕಣ್ಣು ಚುರುಕದಾವ. ಸತ್ತ ಕೂಸಿನ ಹಿಡಿ ನಮಗ್ಯಾಕ? ನಾಳೆ ಮುಂಜಾನೆ ವೆಲ್ಡಿಂಗ್ ಸೊಹೇಲ್ ಬರ್ತಾನ, ಕೊಯ್ಸಿ ಒಗಸ್ತೀನಿ."

ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದೆ.

ಆಮೇಲೆ ಒಬ್ಬಳೇ ಹೋಗಿ ಹಿಡಿಯನ್ನು ಮುಟ್ಟಿ ನೋಡಿದೆ. ಎರಡೂ ತುದಿಗೆ ಬಣ್ಣ ಹಾಗೇ ಇದೆ. ನಡುವೆ ಮಾತ್ರ ಸವೆದು ನುಣುಪಾಗಿದೆ, ನನ್ನ ಮೂರು ಬೆರಳಿನಷ್ಟು ಅಗಲ. ಆ ತಣ್ಣಗಿನ ಕಬ್ಬಿಣ ಬರೆಯುವಾಗಲೂ ಬೆರಳಲ್ಲೇ ಇದೆ. ಸೂಗಮ್ಮ ಬೈದಿದ್ದರೆ ಚೆನ್ನಾಗಿತ್ತು.

ಸೊಹೇಲ್ ಬರುವ ಮೊದಲೇ ಹೋಗಿ ಆ ಮಡ್‌ಗಾರ್ಡಿನ ಮೇಲೆ ಕೂತುಬಿಡುತ್ತೇನೆ. ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತರೆ ಸಾಕು, ನಾನು ಏನೂ ಹೇಳಬೇಕಾಗಿಲ್ಲ.