ಬಳೆ ತುಂಬದ ಚೆಂಡುಹೂವು

ನೀಲಕೆರೆ ಸಸ್ಯತೋಟ
ಫೆಬ್ರವರಿ ಮೂವತ್ತು, ೨೨೩೧

ಹೂವಿನ ಪ್ರದರ್ಶನಕ್ಕೆ ಕುಂಡ ಜೋಡಿಸುವ ನಿಮಗೆ, ಅದನ್ನು ನೋಡಲು ಬಿಸಿಲಿನಲ್ಲಿ ಸಾಲು ನಿಲ್ಲುವ ನಿಮಗೂ,

ತಾರೀಖು ನೋಡಿ ನಗಬೇಡಿ. ತಿಂಗಳುಗಳಿಗೆ ದಿನಗಳನ್ನು ಸಮನಾಗಿ ಹಂಚಿ ನಮಗೆ ಬಹಳ ಕಾಲವಾಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಬೀಜದ ಪೊಟ್ಟಣಗಳ ಮೇಲಿನ ಬರಹ ಓದಿ ಕಲಿತವಳು. ಹೀಗೆ ಹಿಂದಿನವರಿಗೆ ಕಳುಹಿಸುವ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಅಕ್ಷರ ಮಾತ್ರ ಹಿಂದಕ್ಕೆ ಹೋಗುತ್ತದೆ, ಬೇರೇನೂ ಹೋಗುವುದಿಲ್ಲ, ಉತ್ತರವೂ ಬರುವುದಿಲ್ಲ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಇದರ ಅವಕಾಶ. ಹೆಚ್ಚಿನವರು ಅದನ್ನು ಹಿರಿಯರನ್ನು ಬೈಯಲು ಬಳಸುತ್ತಾರೆ. ನನಗೂ ಆ ಆಸೆ ಇತ್ತು, ಈಗ ಪುರುಸೊತ್ತಿಲ್ಲ. ಗುಲಾಬಿ ಮಡಿಗಳ ಕಡೆಯಿಂದ ತಮಟೆಯ ಸದ್ದು ಬರುತ್ತಿದೆ. ಅದು ಇಲ್ಲಿಗೆ ತಲುಪುವುದರೊಳಗೆ ನಾನು ಬರೆದು ಮುಗಿಸಬೇಕು.

ನಾನು ದೇವೀರಮ್ಮ, ಈ ತೋಟದ ಪ್ರದರ್ಶನಗಳ ಮೇಲ್ವಿಚಾರಕಿ. ಪಂಪ್‌ಹೌಸಿನ ಹಿಂದೆ, ಚರಂಡಿಯ ಅಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಪಕ್ಕದಲ್ಲಿ ಒಂದು ಚೆಂಡುಹೂವಿನ ಗಿಡವಿದೆ. ಅದನ್ನು ಇವತ್ತು ಕೀಳುತ್ತಾರೆ.

ಯಾಕೆಂದು ತಿಳಿಯಬೇಕಾದರೆ ನಮ್ಮ ವರ್ಷ ಹೇಗೆ ನಡೆಯುತ್ತದೆಂದು ನಿಮಗೆ ತಿಳಿಯಬೇಕು. ಮಳೆಗಾಲದಲ್ಲಿ ಜರಿಗಿಡಗಳ ಪ್ರದರ್ಶನ. ಮಳೆ ಬಂದರೆ ನಿಜವಾದ ಮಳೆಯಲ್ಲಿ, ಬಾರದಿದ್ದರೆ ಕೊಳವೆಯ ಮಂಜಿನಲ್ಲಿ. ಬೇಸಿಗೆಯಲ್ಲಿ ನೆರಳಿನ ಪ್ರದರ್ಶನ. ಒಂದೊಂದು ಮರದ ನೆರಳಿಗೂ ಹೆಸರಿನ ಫಲಕ ನೆಟ್ಟಿರುತ್ತೇವೆ. ಜನ ಚಾಪೆ ತಂದು ಹುಣಸೆಯ ನೆರಳಿನಲ್ಲಿ ಸ್ವಲ್ಪ ಹೊತ್ತು, ಹೊಂಗೆಯ ನೆರಳಿನಲ್ಲಿ ಸ್ವಲ್ಪ ಹೊತ್ತು ಮಲಗಿ, ಯಾವುದು ಹೆಚ್ಚು ತಂಪು ಎಂದು ಜಗಳವಾಡಿಕೊಂಡು ಮನೆಗೆ ಹೋಗುತ್ತಾರೆ. ಚಳಿ ಇಳಿಯುವ ಈ ದಿನಗಳಲ್ಲಿ ಚೆಂಡುಹೂವಿನ ಪ್ರದರ್ಶನ, ಎಲ್ಲಕ್ಕಿಂತ ದೊಡ್ಡದು. ಅದರ ಹಿಂದಿನ ದಿನವನ್ನು ಬಳೆದಿನ ಎನ್ನುತ್ತೇವೆ. ತೀರ್ಪುಗಾರರು ತಮಟೆ ಹೊಡೆಸಿಕೊಂಡು ಮಡಿಯಿಂದ ಮಡಿಗೆ ಬಂದು, ಅರಳಿದ ಹೂವಿಗೆ ಹಿತ್ತಾಳೆಯ ಅಳತೆಬಳೆ ತೊಡಿಸಿ ನೋಡುತ್ತಾರೆ. ಹೂವು ಬಳೆಯನ್ನು ತುಂಬಿದರೆ ಗಿಡ ಉಳಿಯಿತು. ತುಂಬದಿದ್ದರೆ ಬೇರುಸಹಿತ ಕಿತ್ತು ಒಲೆಗೆ.

ಈ ಪದ್ಧತಿ ಶುರುವಾದದ್ದು ನಿಮ್ಮ ಕಾಲದಲ್ಲಿ. ಬಳೆ ಆಗ ಇರಲಿಲ್ಲ, ಕಣ್ಣಿನ ಅಳತೆಯೇ ಸಾಕಾಗಿತ್ತು. ದೊಡ್ಡ ಹೂವಿಗೆ ಬಹುಮಾನ, ಬಹುಮಾನ ಬಂದ ಗಿಡಕ್ಕೇ ವಂಶ. ಒಂದೇ ಸುತ್ತು ಎಸಳಿನ ಸಾದಾ ಹೂವು ಪ್ರದರ್ಶನಕ್ಕೆ ಅವಮಾನವೆಂದು ಕಿತ್ತೆಸೆದಿರಿ. ನಾವೇನೂ ನಿಮಗಿಂತ ಜಾಣರಲ್ಲ, ಅದನ್ನೇ ಇನ್ನೂ ಶ್ರದ್ಧೆಯಿಂದ ಮಾಡಿದೆವು. ಎಸಳು ತುಂಬುತ್ತಾ ತುಂಬುತ್ತಾ ಹೂವಿನ ನಡುವೆ ಪರಾಗಕ್ಕೆ ಜಾಗವೇ ಉಳಿಯಲಿಲ್ಲ. ನಮ್ಮ ಮಹಾಚೆಂಡು ಮಗುವಿನ ತಲೆಯಷ್ಟು ದೊಡ್ಡದು, ಒಂದು ಬೀಜವನ್ನೂ ಕೊಡುವುದಿಲ್ಲ. ಒಂದೇ ತಾಯಿಗಿಡದ ಕಡ್ಡಿ ನೆಟ್ಟು ನೆಟ್ಟು ನಾಡಿಗೆಲ್ಲ ಹಂಚಿದ್ದೇವೆ. ಹೋದ ವರ್ಷ ಸೊರಗು ರೋಗ ಬಂತು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು, ಎಲ್ಲವೂ ಒಂದೇ ಗಿಡವಲ್ಲವೇ! ಈಗ ಗಾಜಿನ ಮನೆಯೊಳಗೆ ಒಂದು ಮಡಿ ಮಾತ್ರ ಉಳಿದಿದೆ, ಅದರ ಕೆಳಗಿನ ಎಲೆಗಳೂ ಜೋತುಬಿದ್ದಿವೆ. ದೀಪಾವಳಿಗೆ ಬಾಗಿಲಿಗೆ ಕಾಗದದ ಹೂವು ಕಟ್ಟಿದೆವು. ನನಗೆ ಅದನ್ನು ನೋಡಲಾಗಲಿಲ್ಲ.

ಅಂಥದ್ದರಲ್ಲಿ ಈ ಗಿಡ. ಒಂದೇ ಸುತ್ತು ಎಸಳು, ನಡುವೆ ಹಳದಿ ಪುಡಿ ತುಂಬಿದ ಬಟ್ಟಲು. ರೋಗದ ಮಣ್ಣಿನಲ್ಲೇ ನಿಂತಿದ್ದರೂ ಒಂದು ಎಲೆ ಬಾಡಿಲ್ಲ. ಹೋದ ವಾರ ಇದರ ಮೇಲೆ ಜೇನುಹುಳು ಕೂತದ್ದನ್ನು ಕಂಡೆ. ಚೆಂಡುಹೂವಿನ ಮೇಲೆ ಜೇನು ಕೂರುವುದನ್ನು ನಾನು ಹುಟ್ಟಿದಮೇಲೆ ನೋಡಿದ್ದು ಅದೇ ಮೊದಲು. ಬೀಜ ಬಲಿತು ಒಣಗಲು ಇನ್ನೂ ಕೆಲವು ವಾರ ಬೇಕು.

ತೀರ್ಪುಗಾರ ಉಗ್ರಪ್ಪನವರು ಕೆಟ್ಟವರಲ್ಲ. ಒಂಟಿಸುತ್ತಿನ ಗಿಡವೇ ರೋಗ ಹರಡುತ್ತದೆ ಎಂದು ಅವರ ತಂದೆ ಕಲಿಸಿದ್ದಾರೆ, ಅದನ್ನೇ ನಂಬಿದ್ದಾರೆ. ನಿನ್ನೆ ಅಂಗಲಾಚಿದೆ. "ಅಮ್ಮಾವ್ರೇ, ಇದೊಂದು ನಿಂತಿದ್ರೆ ಗಾಜಿನ ಮನೇಲಿರೋದೂ ಹೋಗುತ್ತೆ. ಆಮೇಲೆ ಜನಕ್ಕೆ ಏನ್ ತೋರಿಸ್ತೀರಾ, ಬರೀ ಮಣ್ಣಾ?" ಎಂದರು. ಹಾಗೆನ್ನುವಾಗ ಅವರ ಕಣ್ಣು ತುಂಬಿತ್ತು. ಭಯಪಟ್ಟವರ ಹತ್ತಿರ ವಾದ ಮಾಡುವುದು ಹೇಗೆ?

ಆದ್ದರಿಂದ ನಿಮ್ಮನ್ನು ಕೇಳಿಕೊಳ್ಳೋಣವೆಂದು ಈ ಓಲೆ ಶುರುಮಾಡಿದೆ. ಪ್ರದರ್ಶನ ಮುಗಿದು ಕುಂಡಗಳನ್ನು ಗಾಡಿಗೆ ತುಂಬುವಾಗ, ಬಹುಮಾನ ಬಾರದ ಒಂದು ಸಾದಾ ಚೆಂಡುಹೂವನ್ನು ಗಿಡದಲ್ಲೇ ಒಣಗಲು ಬಿಡಿ. ಬೀಜ ತೆಗೆದು ಮನೆಯ ಹಿಂದೆ ಬಿತ್ತಿ. ಪ್ರತಿ ವರ್ಷ ಬಿತ್ತಿ, ಮಕ್ಕಳಿಗೂ ಹೇಳಿ. ಅವರು ಕಾರಣ ಕೇಳಿದರೆ ಯಾರೋ ಬರೆದು ಕೇಳಿಕೊಂಡಿದ್ದಾರೆ ಎನ್ನಿ.

ಇಷ್ಟು ಬರೆದು, ಇದರಿಂದ ಏನು ಪ್ರಯೋಜನ ಎನಿಸಿ ಹರಿದುಹಾಕಲು ಹೊರಟಿದ್ದೆ. ಆಗ ಮುದುಕಿಯೊಬ್ಬರು ಚರಂಡಿ ದಾಟಿ ಬಂದು, ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಎಸಳು ಸವರಿದರು. ಹೆಸರು ಚಿಕ್ಕಹೊನ್ನಮ್ಮ. ಅವರ ಹಟ್ಟಿ ಈ ಸಲದ ಪ್ರವಾಹದಲ್ಲಿ ಮುಳುಗಿತಂತೆ. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಕೊನೆಯ ಬೀಜಗಳನ್ನು ಇಲ್ಲಿ ನೀರಿನ ಪಸೆ ಕಂಡು ಉದುರಿಸಿ ಹೋಗಿದ್ದರಂತೆ. "ಒಂದಾದ್ರೂ ಬಂತಲ್ಲ ತಾಯಿ, ಸದ್ಯ," ಎಂದರು. ಇದನ್ನೇಕೆ ಇಷ್ಟು ಜೋಪಾನ ಮಾಡಿದಿರಿ ಎಂದು ಕೇಳಿದೆ.

"ನಮ್ಮನೆ ಕಟ್ಟಳೆ ಕಣವ್ವ. ಅಜ್ಜಿ ಕಾಲ್ದಿಂದ್ಲೂ ವರ್ಷಕ್ಕೊಂದ್ ಹಿಡಿ ಬಿತ್ಲೇಬೇಕು. ಯಾಕೆ ಅಂದ್ರೆ ಯಾರ್ಗೂ ಗೊತ್ತಿಲ್ಲ. ಯಾವ್ದೋ ಕಾಲ್ದಲ್ಲಿ ಯಾರೋ ಬರ್ದು ಕೇಳ್ಕೊಂಡಿದ್ರಂತೆ."

ನಿಮ್ಮಲ್ಲಿ ಯಾರೋ ಒಬ್ಬರು ಇದನ್ನು ಓದಿದ್ದೀರಿ. ಓದಿ ನಗಲಿಲ್ಲ, ಬಿತ್ತಿದಿರಿ. ನೀವು ಇನ್ನೂ ಮಾಡದ ಕೆಲಸ ನನ್ನ ಮೊಣಕಾಲಿನ ಪಕ್ಕದಲ್ಲಿ ಹೂ ಬಿಟ್ಟು ನಿಂತಿದೆ. ಈಗ ಈ ಓಲೆಯನ್ನು ಹರಿಯುವ ಹಕ್ಕು ನನಗಿಲ್ಲ.

ತಮಟೆ ನಿಂತಿತು. ಉಗ್ರಪ್ಪನವರು ಪಂಪ್‌ಹೌಸಿನ ಮೂಲೆ ತಿರುಗಿದ್ದಾರೆ, ಕೈಯಲ್ಲಿ ಬಳೆ ಹೊಳೆಯುತ್ತಿದೆ. ಹೂವು ಅದರ ಅರ್ಧವನ್ನೂ ತುಂಬುವುದಿಲ್ಲ. ಚಿಕ್ಕಹೊನ್ನಮ್ಮ ಗಿಡದ ಒಂದು ಬದಿಗೆ ನಿಂತಿದ್ದಾರೆ, ಇನ್ನೊಂದು ಬದಿ ಖಾಲಿ ಇದೆ.

ನಿಮಗೆ ನನ್ನ ನಮಸ್ಕಾರ. ನಿಮ್ಮ ಪಾಲಿನದನ್ನು ನೀವು ಮರೆಯಬೇಡಿ. ನಾನು ಏಳುತ್ತೇನೆ.

ದೇವೀರಮ್ಮ