ಬೀರಲಿಂಗಯ್ಯ ಬದಲಾಯಿಸಿದ ನೀರು

೧೭ ಮಾರ್ಚ್ ೨೦೦೯, ಮಂಗಳವಾರ, ಹಾಸನ

ಜೀವಕೋಶಗಳು ಬದುಕಿವೆ! ಮೈಕ್ರೋಸ್ಕೋಪಿನಡಿ ಹಸಿರಾಗಿ ಹೊಳೆದವು. ಆದರೆ ಕೀರ್ತಿ ನನ್ನದಲ್ಲ.

ದೀಪದ ಮಸಿಯನ್ನು ಆಸಿಡ್‌ನಲ್ಲಿ ಕುದಿಸಿ ಮಾಡಿದ ಹೊಳೆಯುವ ಕಾರ್ಬನ್ ಚುಕ್ಕೆಗಳನ್ನು ತೆಳುಪೊರೆಯ ಚೀಲದಲ್ಲಿ ಕಟ್ಟಿ ನೀರಿನಲ್ಲಿ ನೆನೆಹಾಕಿದ್ದೆ. ನೀರು ಬದಲಾಯಿಸದಿದ್ದರೆ ಆಸಿಡ್ ಉಳಿದು, ಆಮೇಲೆ ಈ ಚುಕ್ಕೆಗಳನ್ನು ಸೇರಿಸಿದ ಕೋಶಗಳು ಸಾಯುತ್ತವೆ, ಜೊತೆಗೆ ನನ್ನ ಎಂ.ಎಸ್ಸಿ. ಪ್ರಾಜೆಕ್ಟೂ. ಇದನ್ನು ಬಲ್ಲ ಮಹಾವಿಜ್ಞಾನಿಯಾದ ನಾನು ಭಾನುವಾರ ಎಲ್ಲ ಮರೆತು ರಾಮನಾಥಪುರದಲ್ಲಿ ಮದುವೆಯೂಟಕ್ಕೆ ಕೂತಿದ್ದೆ.

ರಜೆಯ ದಿನ ಹಿರೀಸಾವೆಯಿಂದ ಬಸ್ಸು ಹತ್ತಿ ಬಂದು ಮೂರು ಸಲ ನೀರು ಬದಲಾಯಿಸಿದವರು ಲ್ಯಾಬ್ ಅಟೆಂಡರ್ ಬೀರಲಿಂಗಯ್ಯ. "ಚುಕ್ಕೆಗಳಿಗೆ ಬಾಯಾರುತ್ತೆ, ಹೊಸ ನೀರು ಕೊಡ್ತಿರಬೇಕು" ಎಂದು ಹೋದ ವಾರ ಅವರಿಗೆ ಪರಮ ಗಂಭೀರವಾಗಿ ಬುರುಡೆ ಬಿಟ್ಟಿದ್ದೆ. ಇವತ್ತು ನಾಚಿಕೆಯಾಗಿ ತಪ್ಪೊಪ್ಪಿಕೊಂಡೆ.

"ನಿನ್ ಬುರುಡೆ ನಂಬ್ಕಂಡು ಬಸ್ ಅತ್ತೋನಾ ನಾನು? ಶನಿವಾರ ನೀಲಿ ಲಿಟ್ಮಸ್ ಅದ್ದಿ ನೋಡ್ದೆ, ಕೆಂಪಾಗ್ಬುಡ್ತು. ಆಸಿಡ್ ಇನ್ನೂ ಓಗಿರ್ಲಿಲ್ಲ ಕಣಪ್ಪಾ."

"ನನಗೆ ಫೋನ್ ಮಾಡಬಹುದಿತ್ತಲ್ಲ?"

"ಉಣ್ತಾ ಕೂತೋನ್ನ ಎಬ್ಬುಸ್ತಾರಾ?"

ಪ್ರಾಜೆಕ್ಟ್ ವರದಿಯ ಕೃತಜ್ಞತೆಯ ಪುಟದಲ್ಲಿ ಈಗಷ್ಟೇ ಮೊದಲು ಅವರ ಹೆಸರು ಬರೆದೆ, ಆಮೇಲೆ ಗೈಡ್ ಕನಕಲಕ್ಷ್ಮಿ ಮೇಡಂ ಹೆಸರು. ಇದೂ ನನ್ನ ಕಿತಾಪತಿಯೆಂದೇ ಮೇಡಂ ತಿಳಿಯುತ್ತಾರೆ. ಜೀವನದಲ್ಲಿ ಮೊದಲ ಸಲ ನಿಜ ಬರೆದಿದ್ದೇನೆ ಎಂದು ಅವರನ್ನು ನಂಬಿಸಲು ಯಾರನ್ನು ಸಾಕ್ಷಿಗೆ ಕರೆಯಲಿ?