ನನ್ನ ಕೋಪವನ್ನು ಇಳಿಸಿದವನಿಗೆ

ಮನೆ, ಕಿಟಕಿ ಪಕ್ಕದ ಮೇಜು
೧೪ನೇ ತಾರೀಖು, ಭಾನುವಾರ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಪರದೆ ನೋಡಿ ನೋಡಿ ಕಣ್ಣು ಉರಿಯುತ್ತದೆ ಅಂದಿದ್ದೆಯಲ್ಲ, ನಡುನಡುವೆ ಎದ್ದು ತಣ್ಣೀರಿನಲ್ಲಿ ಮುಖ ತೊಳೆದುಕೊಳ್ಳುತ್ತಿದ್ದೀಯ ತಾನೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದಲ್ಲೇ ಇದೆ. ನಿನ್ನ ತಾತನೂ ಇದ್ದಲ್ಲೇ ಇದ್ದಾರೆ, ಮುಖಕ್ಕೆ ಪೇಪರು ಹಿಡಿದರೆ ಮಧ್ಯಾಹ್ನದ ತನಕ ಇಳಿಸುವುದಿಲ್ಲ. ಇಷ್ಟನ್ನು ಮೊದಲು ಕೇಳಿದ್ದು ಹಿರಿಯಳಾದವಳ ಕರ್ತವ್ಯ ಅಂತ. ಮುಂದಿನದನ್ನು ಕೂತುಕೊಂಡು ಓದು, ಯಾಕೆಂದರೆ ನಾನು ಕೆಂಡವಾಗಿದ್ದೇನೆ.

ಫೋನಿನಲ್ಲೇ ಬೈಯಬಹುದಿತ್ತಲ್ಲ, ಕಾಗದ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ಬೈದರೆ ಅದನ್ನೂ ಹಿಡಿದಿಟ್ಟುಕೊಂಡು ನಿನ್ನ ಆ ಯಂತ್ರಕ್ಕೆ ತಿನ್ನಿಸುತ್ತೀಯ. ಇನ್ನು ಮೇಲೆ ನನ್ನ ಗಂಟಲಿನಿಂದ ನಿನಗೆ ಒಂದು ಸೀನೂ ಸಿಗುವುದಿಲ್ಲ. ಕಾಗದವೇ ಕ್ಷೇಮ.

ರಜೆಗೆ ಬಂದಾಗ ನೀನು ಏನು ಹೇಳಿದ್ದೆ, ನೆನಪಿದೆಯಾ? "ಅಜ್ಜಿ, ಕಾಲೇಜಲ್ಲಿ ಒಂದು ಪ್ರಾಜೆಕ್ಟ್ ಇದೆ, ನಿನ್ನ ದನಿ ಬೇಕು, ಸುಮ್ನೆ ಓದ್ತಾ ಹೋಗು ಅಷ್ಟೆ." ಅಷ್ಟೇ ಅಂತೆ! ಮನೆಯಲ್ಲಿ ಎಲ್ಲಿ ಕೂತರೂ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ ಅಂತ ಬಟ್ಟೆ ಬೀರುವಿನ ಬಾಗಿಲು ತೆಗೆದು, ನಿನ್ನ ತಾತನ ಕೋಟುಗಳ ನಡುವೆ ಫೋನಿಟ್ಟು, ನನ್ನನ್ನು ಅದರೊಳಗೆ ತಲೆ ತೂರಿಸಿ ಕೂರಿಸಿದೆ. ಓದಲಿಕ್ಕೆ ಕೊಟ್ಟದ್ದೋ ತಲೆಬುಡವಿಲ್ಲದ ಮಾತುಗಳು. ಏಳು ಕೆಂಪು ಕೊಡೆಗಳು ಗೋಡೆಗೆ ಒರಗಿವೆ. ವೈದ್ಯರು ನಾಳೆ ಬರುವುದಿಲ್ಲವೇ? ಅಯ್ಯೋ, ಹಾಲು ಉಕ್ಕಿತು! ಕಾಫಿ ಕೇಳಲು ಬಂದ ನಿನ್ನ ತಾತ "ಏನೇ, ಬೀರು ಹತ್ರ ನನ್ನ ಮೇಲೆ ದೂರು ಹೇಳ್ತಿದ್ದೀಯಾ?" ಅಂದರು. ನಾನು ನಗುತ್ತಾ ಓದಿದೆ. ಮೊಮ್ಮಗ ಕೇಳಿದ, ಕೊಟ್ಟೆ. ಮೊಮ್ಮಗ ಅದರಿಂದ ಏನು ಮಾಡುತ್ತಾನೆ ಅಂತ ಕೇಳಬೇಕು ಅಂತ ಯಾವ ಅಜ್ಜಿಗೆ ಹೊಳೆಯುತ್ತದೆ?

ನೀನು ಮಾಡಿದ್ದೇನು ಅಂತ ಗೊತ್ತಾದದ್ದು ನಿನ್ನಮ್ಮ ತನ್ನ ಫೋನಿನಲ್ಲಿ ಕಾಲೇಜಿನ ಪ್ರದರ್ಶನದ ವಿಡಿಯೊ ತೋರಿಸಿದಾಗ. ಆಳೆತ್ತರದ ಪರದೆ. ಅದರಲ್ಲಿ ನೀನು ಬಿಡಿಸಿದ ಒಬ್ಬಳು ಮುದುಕಿ. ಯಾರು ಎದುರು ನಿಂತು ಏನು ಕೇಳಿದರೂ ತುಟಿ ಆಡಿಸಿ ಉತ್ತರ ಕೊಡುತ್ತಾಳೆ, ನನ್ನ ದನಿಯಲ್ಲಿ! ಮುದುಕಿಯ ತೊಡೆಯ ಮೇಲೆ ಉಲ್ಲನ್ ಉಂಡೆ, ಕೈಯಲ್ಲಿ ಹೆಣಿಗೆ ಕಡ್ಡಿ. ನಾನು ಯಾವತ್ತು ಹೆಣಿಗೆ ಹಿಡಿದಿದ್ದೆನಪ್ಪಾ? ಕಿತ್ತುಹೋದ ಗುಂಡಿ ಹೊಲಿಯಲಿಕ್ಕೂ ನಿನ್ನ ತಾತನನ್ನೇ ಕರೆಯುವವಳು ನಾನು. ಕೇಳಿದರೆ ನಿಮ್ಮ ಮೇಡಂ ಹೇಳಿದರಂತೆ, ನೋಡಿದವರಿಗೆ ತಕ್ಷಣ ಅಜ್ಜಿ ಅನ್ನಿಸಬೇಕು ಅಂತ. ಹಾಗಾದರೆ ನಾನು ಇಷ್ಟು ದಿನ ಏನು ಅನ್ನಿಸುತ್ತಿದ್ದೆ? ಇರಲಿ, ಕಡ್ಡಿಯನ್ನು ಕ್ಷಮಿಸಿದೆ. ಬಂದ ಹುಡುಗರನ್ನೆಲ್ಲ ಆ ಮುದುಕಿ "ಬಾ ಚಿನ್ನ, ಬಾ ಮುದ್ದು" ಅಂತ ಕರೆಯುವುದನ್ನೂ ಹಲ್ಲು ಕಚ್ಚಿಕೊಂಡು ನೋಡಿದೆ. ಹೆತ್ತ ಮಗಳನ್ನೇ ನಾನು ಹಾಗೆ ಕರೆದವಳಲ್ಲ. ನಿನ್ನಮ್ಮ "ನಂಗೆ ಒಂದ್ಸಲನಾದ್ರೂ ಹೀಗೆ ಹೇಳಿದ್ದೀಯೇನಮ್ಮ?" ಅಂತ ಮುಖ ಊದಿಸಿಕೊಂಡಳು. ಅದೂ ನನ್ನ ತಲೆಗೇ ಬಂತು.

ಪುಟ್ಟಾ, ನಿನಗೆ ನನ್ನ ಕೆಲಸ ಏನಾಗಿತ್ತು ಅಂತ ಗೊತ್ತಿದೆ, ಆದರೆ ಅದು ಎಂಥದ್ದು ಅಂತ ಗೊತ್ತಿಲ್ಲ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ, ಮೈಕಿನ ಮುಂದೆ, ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಲ್ಲಿ ಅಂತ ಹೇಳುತ್ತಾ ನನ್ನ ಕಪ್ಪು ಕೂದಲು ಬೆಳ್ಳಗಾಯಿತು. ನನಗೊಂದು ನೇಮ ಇತ್ತು. ಬಸ್ಸಿನ ಮೂತಿ ಗೇಟಿನೊಳಗೆ ತಿರುಗುವುದು ನನ್ನ ಕಣ್ಣಿಗೆ ಕಾಣುವ ತನಕ ಬಂತು ಅಂತ ಹೇಳುತ್ತಿರಲಿಲ್ಲ. ಒಂದು ದಿನ ಮಳೆಗೆ ರಸ್ತೆ ಕಟ್ಟಿ ಬಸ್ಸುಗಳೆಲ್ಲ ತಡವಾಗಿ, ಜನ ಗಲಾಟೆ ಎಬ್ಬಿಸಿ, ಮೇಲ್ವಿಚಾರಕರು ಓಡಿ ಬಂದು "ಇನ್ನೇನು ಬರುತ್ತೆ ಅಂತ ಒಂದು ಮಾತು ಹೇಳಿಬಿಡಿ ಮೇಡಂ, ಸಮಾಧಾನ ಆಗ್ತಾರೆ" ಅಂದರು. "ಕಣ್ಣಿಗೆ ಕಾಣದ ಬಸ್ಸು ನನ್ನ ಬಾಯಲ್ಲಿ ಬರಲ್ಲ ಸಾರ್" ಅಂದೆ. ಅವರು ಸಿಟ್ಟಾದರು, ಆಗಲಿ. ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಎರಡು ಕೈಯಲ್ಲೂ ಚೀಲ ಹಿಡಿದು ಎದ್ದು ಓಡುವವರು ನನ್ನ ಒಂದು ಮಾತು ನಂಬಿ ಓಡುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂಥ ದನಿಯನ್ನು ತೆಗೆದುಕೊಂಡು ಹೋಗಿ ನೀನು ಬೆಣ್ಣೆ ಹಚ್ಚಿದ ಸುಳ್ಳು ಆಡಿಸಿದೆ.

ಅಷ್ಟಕ್ಕೇ ನಿಂತಿದ್ದರೆ ನಾನು ಎರಡು ದಿನ ಗೊಣಗಿ ಸುಮ್ಮನಾಗುತ್ತಿದ್ದೆ. ಆದರೆ ನೀನು ಪ್ರದರ್ಶನಕ್ಕೆ ನಿನ್ನ ಚಿಕ್ಕಜ್ಜಿಯನ್ನೂ ಕರೆದೆ. ಒಂದೇ ಊರಿನಲ್ಲಿದ್ದೀರಿ, ನೀನು ಅವಳ ಮನೆಗೆ ಹೋಗಿಬರುವುದನ್ನು ನಾನು ಯಾವತ್ತೂ ಬೇಡ ಅಂದಿಲ್ಲ. ನಾನು ನನ್ನ ತಂಗಿಯ ಹತ್ತಿರ ಮಾತು ಬಿಟ್ಟಿದ್ದೇನೆ ಅಂತ ಮನೆಯ ಮಕ್ಕಳೂ ಬಿಡಬೇಕಾಗಿಲ್ಲ. ಯಾಕೆ ಬಿಟ್ಟೆ ಅಂತ ನಿನಗೆ ಯಾರೂ ನೆಟ್ಟಗೆ ಹೇಳಿಲ್ಲ ಅಂತ ಕಾಣುತ್ತದೆ, ನಾನೇ ಹೇಳುತ್ತೇನೆ. ನಮ್ಮ ಅಮ್ಮನಿಗೆ ಬೆಳಿಗ್ಗೆ ಉಸಿರು ಕಟ್ಟಿತು. ಅಮ್ಮ ಅವಳ ಮನೆಯಲ್ಲಿದ್ದರು. ನಿಲ್ದಾಣಕ್ಕೆ ಒಂದು ಫೋನು ಮಾಡಿದ್ದರೆ ನಾನು ಎದುರಿಗೆ ನಿಂತ ಬಸ್ಸನ್ನೇ ಹತ್ತಿ ಹೋಗುತ್ತಿದ್ದೆ. ಅವಳು ಮಾಡಲಿಲ್ಲ. ಸಂಜೆ ಕೆಲಸ ಮುಗಿಸಿ ಮನೆಗೆ ಬಂದು ಚಪ್ಪಲಿ ಬಿಡುವಾಗ ನಿನ್ನ ತಾತ ಹೇಳಿದರು, ಅಮ್ಮ ಹೋದರು ಅಂತ. ಮಧ್ಯಾಹ್ನವೇ ಹೋಗಿದ್ದರು. ಅಕ್ಕ ಡ್ಯೂಟಿಯಲ್ಲಿ ಇದ್ದಾಳೆ, ಗಾಬರಿ ಯಾಕೆ ಮಾಡಿಸಬೇಕು, ಸಂಜೆ ಹೊತ್ತಿಗೆ ಅಮ್ಮ ಸುಧಾರಿಸುತ್ತಾರೆ ಅಂದುಕೊಂಡಳಂತೆ. ಅವಳು ಅಂದುಕೊಂಡಳು! ಊರಿಗೆಲ್ಲ ಸುದ್ದಿ ಹೇಳುವವಳಿಗೆ ಹೆತ್ತವಳ ಸುದ್ದಿ ಹೇಳುವವರು ಇರಲಿಲ್ಲ. ನನ್ನ ತಾಯಿ ಬಾಗಿಲ ಕಡೆ ನೋಡುತ್ತಾ ಮಲಗಿದ್ದಾಗ ನಾನು ಯಾರದೋ ಕಳೆದುಹೋದ ಚೀಲದ ವಿಷಯ ಮೈಕಿನಲ್ಲಿ ಹೇಳುತ್ತಿದ್ದೆ. ಅದು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಬೆಂಕಿ. ಆ ಬೆಂಕಿ ನನ್ನದು, ಪುಟ್ಟಾ. ಅದನ್ನು ಆರಿಸುವುದೋ ಇಟ್ಟುಕೊಳ್ಳುವುದೋ ನನಗೆ ಬಿಟ್ಟದ್ದು.

ಗುರುವಾರ ಫೋನು ಬಂತು. ಎತ್ತಿದೆ. ಇಷ್ಟು ವರ್ಷಗಳ ಮೇಲೂ "ಅಕ್ಕಾ" ಅಂದ ಕೂಡಲೇ ಯಾರು ಅಂತ ಗೊತ್ತಾಯಿತು. "ಅಕ್ಕಾ, ನೀನು ಹೇಳಿದ್ದು ಕೇಳಿಸ್ಕೊಂಡೆ. ಪರದೆ ಮುಂದೆ ನಿಂತು ಇನ್ನೂ ಕೋಪಾನಾ ಅಂತ ನಾನು ಕೇಳ್ದೆ. ನಿನ್ನ ಮೇಲೆ ನಂಗೆ ಯಾವ ಕೋಪ, ಬಾ, ಪಕ್ಕದಲ್ಲಿ ಕೂತ್ಕೋ ಅಂತ ನೀನು ಅಂದೆ. ಅದು ಯಂತ್ರ ಅಂತ ಗೊತ್ತು ಕಣೆ. ಆದ್ರೆ ದನಿ ನಿಂದೇ ಅಲ್ವಾ?" ಅಂದಳು. ಹಿಂದೆ ಯಾವುದೋ ಗಾಡಿ ಹೋಗುವ ಸದ್ದು, ಅವಳು ಮೂಗು ಎಳೆಯುವ ಸದ್ದು. ನಾನು ಹೇಳಿಲ್ಲ ಅಂದರೆ ಅವಳ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಹೌದು ಅಂದರೆ ನಾನು ಸುಳ್ಳಿ. ಫೋನು ಇಟ್ಟುಬಿಟ್ಟೆ. ಇಂಥ ಇಕ್ಕಟ್ಟಿಗೆ ನನ್ನನ್ನು ಮೇಲ್ವಿಚಾರಕರೂ ತಂದಿರಲಿಲ್ಲ, ನೀನು ತಂದೆ.

ಅವತ್ತೇ ನಿನ್ನಮ್ಮನಿಂದ ನಿನಗೆ ಕೇಳಿಸಿದರೆ ನಿನ್ನ ಉತ್ತರ ನೋಡು! "ಆ ಮಾತು ನಾನು ಬರೆದದ್ದಲ್ಲ, ಯಂತ್ರವೇ ಕಟ್ಟಿಕೊಂಡದ್ದು. ನಾನು ಸ್ವಭಾವ ಮಾತ್ರ ಹೊಂದಿಸಿದ್ದೆ. ಪ್ರೀತಿ ಪೂರ್ತಿ ಮೇಲೆ, ಕೋಪ ಪೂರ್ತಿ ಕೆಳಗೆ." ರೇಡಿಯೊದ ಸದ್ದು ಇಳಿಸಿದ ಹಾಗೆ ಯಾರನ್ನು ಕೇಳಿ ನನ್ನ ಕೋಪ ಇಳಿಸಿದೆಯೋ? ನಿನಗೆ ಬೇಕಾದದ್ದು ನನ್ನ ದನಿ ಮಾತ್ರವಾ, ನಾನು ಬೇಡವಾ? ನೀನು ಗೋಡೆ ಮೇಲೆ ಗೀಚಿದ್ದಕ್ಕೆ ಬೈದವಳೂ ನಾನೇ, ಆ ಗೋಡೆಗೆ ವರ್ಷಾನುಗಟ್ಟಲೆ ಸುಣ್ಣ ಬಳಿಯಲು ಬಿಡದವಳೂ ನಾನೇ. ಎರಡೂ ಒಂದೇ ಬಾಯಿ. ನಿನ್ನ ಪರದೆಯ ಮುದುಕಿಗೆ ಬೈಯಲಿಕ್ಕೆ ಬರುವುದಿಲ್ಲ, ಆದ್ದರಿಂದ ಅವಳ ಚಿನ್ನ ಮುದ್ದು ಎಲ್ಲ ಸಪ್ಪೆ. ನಿಮ್ಮ ಮೇಡಂ ನಿನಗೆ ಮೊದಲ ಬಹುಮಾನ ಕೊಟ್ಟರಂತೆ. ನನಗೂ ಸಂತೋಷವೇ, ಇಲ್ಲ ಅನ್ನುವುದಿಲ್ಲ. ನೀನು ಬಿಡಿಸಿದ ಕಣ್ಣು ಚೆನ್ನಾಗಿದೆ, ಎಡಗಣ್ಣು ಒಂದಿಷ್ಟು ಸಣ್ಣದು ಅನ್ನುವುದನ್ನೂ ಗಮನಿಸಿದ್ದೀಯ. ಆದರೆ ಆ ಪ್ರದರ್ಶನ ಮುಗಿದ ಕೂಡಲೇ ನನ್ನ ದನಿಯನ್ನು ಅದರಿಂದ ಕಿತ್ತು ಹಾಕು. ಬೇಕಿದ್ದರೆ ಮುದುಕಿಗೆ ನಿನ್ನ ದನಿಯನ್ನೇ ಕೊಡು. ಇದು ಕೇಳಿಕೆ ಅಲ್ಲ, ಅಪ್ಪಣೆ.

ಸಿಟ್ಟು ನಿನ್ನ ಮೇಲೆ, ಶಾಪ ಅಲ್ಲ. ನಿನ್ನ ಕೈಗೆ ಇನ್ನೂ ಒಳ್ಳೊಳ್ಳೆಯ ಕೆಲಸ ಹತ್ತಲಿ, ಕಣ್ಣು ಚೆನ್ನಾಗಿರಲಿ, ಬುದ್ಧಿ ಸ್ವಲ್ಪ ಬರಲಿ. ತಾತ ಪೇಪರಿನ ಹಿಂದಿನಿಂದ "ಅವನನ್ನು ಕೇಳಿದೆ ಅಂತ ಬರಿ" ಅಂದರು, ಬರೆದಿದ್ದೇನೆ.

ಇತಿ, ಕೋಪ ಪೂರ್ತಿ ಮೇಲಿರುವ
ನಿನ್ನ ಅಜ್ಜಿ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ನಿನ್ನ ಚಿಕ್ಕಜ್ಜಿಗೆ ನಾನೇ ಫೋನು ಮಾಡಿದೆ. ನಾನು ಹಲೋ ಅಂದ ಕೂಡಲೇ ಅವಳು ಅನುಮಾನದಲ್ಲಿ "ಇದು ನೀನೇನಾ ಅಕ್ಕಾ, ಇಲ್ಲಾ ಅದಾ?" ಅಂದಳು. ನನಗೆ ಎಲ್ಲಿತ್ತೋ ಸಿಟ್ಟು, ಅಮ್ಮನ ವಿಷಯ ಹಿಡಿದುಕೊಂಡು ಉಸಿರು ನಿಲ್ಲಿಸದೆ ಬೈದೆ, ಇಷ್ಟು ವರ್ಷದ್ದು ಎಲ್ಲ. ತಾತ ಪೇಪರು ಇಳಿಸಿ ನೋಡಿದರು. ನಾನು ನಿಲ್ಲಿಸಿದ ಮೇಲೆ ಆ ಕಡೆಯಿಂದ ಎಷ್ಟೋ ಹೊತ್ತು ಅಳು. ಆಮೇಲೆ "ಹೂಂ, ನೀನೇ" ಅಂದಳು. ಶುಕ್ರವಾರ ಬರುತ್ತಾಳೆ. ಅವಳಿಗೆ ಒಬ್ಬಳೇ ಪ್ರಯಾಣ ಆಗುವುದಿಲ್ಲ, ಜೊತೆಗೆ ಕರೆದುಕೊಂಡು ಬಾ.